ರಾಣೆಯವರ ರಸ್ತೆ: ಯುದ್ಧದ ಡಯೋರಮಾ ಮಾಡಹೊರಟವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಟ್ಯಾಗೋರ್ ಬೀಚಿಗೆ ಬಂದವರು ಚಾಪೆಲ್ ಯುದ್ಧನೌಕೆಯೊಳಗೆ ಒಂದು ಸುತ್ತು ಹಾಕಿ, ಹೊರಗೆ ಬಂದು ಪಕ್ಕದ ಪ್ರತಿಮೆ ನೋಡುತ್ತಾರೆ. "ಇವರು ಯಾರು?" ಅಂತ ಮಕ್ಕಳು ಕೇಳುತ್ತಾರೆ. ಅಪ್ಪ ಬೋರ್ಡು ಓದಿ ಹೇಳುತ್ತಾರೆ: ರಾಣೆ, ಪರಮವೀರ ಚಕ್ರ. ಮಾತು ಅಲ್ಲಿಗೇ ನಿಲ್ಲುತ್ತದೆ. ಅವರು ಮಾಡಿದ್ದೇನು ಅನ್ನೋದು ಪ್ರತಿಮೆಯಿಂದ ತಿಳಿಯುವುದಿಲ್ಲ. ಅದನ್ನು ತೋರಿಸಲು ಒಂದು ರಸ್ತೆ ಬೇಕು, ಒಂದು ಗುಡ್ಡ ಬೇಕು, ನೆಲಕ್ಕೆ ಬಾಗಿದ ನಾಲ್ಕು ಜನ ಬೇಕು. ಅದಕ್ಕೇ ನಾನು ಡಯೋರಮಾ, ಅಂದರೆ ಹಲಗೆಯ ಮೇಲೆ ಆ ದೃಶ್ಯದ ಪುಟ್ಟ ಮಾದರಿ, ಮಾಡಲು ಕೂತೆ. ಮೊದಲನೆಯದು ಹಾಳಾಯಿತು, ಎರಡನೆಯದು ಇನ್ನೂ ಇದೆ. ಅದನ್ನು ನೋಡಿದವರು, ಶಾಲೆಯ ಪ್ರದರ್ಶನಕ್ಕೆ ಇಂಥದ್ದೇ ಮಾಡಹೊರಟ ಮಕ್ಕಳು, ಅವರಿಗಿಂತ ಜಾಸ್ತಿ ತಲೆಬಿಸಿ ಮಾಡಿಕೊಂಡ ಅವರ ಅಪ್ಪ-ಅಮ್ಮ ಕೇಳಿದ ಪ್ರಶ್ನೆಗಳು ಇಲ್ಲಿವೆ.

ರಾಣೆ ಯಾರು? ಇದು ಯಾವ ಯುದ್ಧ?

ರಾಮ ರಾಘೋಬಾ ರಾಣೆ ನಮ್ಮ ಕಾರವಾರದ ಚೆಂಡಿಯಾದವರು. ಹುಟ್ಟಿದ್ದು 1918ರ ಜೂನ್ 26ರಂದು. 1940ರಲ್ಲಿ ಸೈನ್ಯದ ಎಂಜಿನಿಯರ್ ಪಡೆಯಾದ ಬಾಂಬೆ ಎಂಜಿನಿಯರ್ಸ್ ಸೇರಿದರು, ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ಹೋರಾಡಿದರು. 1947-48ರ ಕಾಶ್ಮೀರ ಯುದ್ಧದ ಹೊತ್ತಿಗೆ ಅವರು ಸೆಕೆಂಡ್ ಲೆಫ್ಟಿನೆಂಟ್, 37ನೇ ಅಸಾಲ್ಟ್ ಫೀಲ್ಡ್ ಕಂಪನಿಯಲ್ಲಿದ್ದರು.

1948ರ ಮಾರ್ಚ್ 18ರಂದು ನಮ್ಮ ಸೈನ್ಯ ಝಂಗರ್ ಮರಳಿ ಪಡೆಯಿತು. ಮುಂದಿನ ಗುರಿ ರಜೌರಿ. ನೌಶೇರಾದಿಂದ ರಜೌರಿಗೆ ಹೋಗುವ ಗುಡ್ಡದ ರಸ್ತೆಯಲ್ಲಿ ಎದುರಾಳಿಗಳು ಮೈನ್ (ನೆಲಬಾಂಬು) ಹೂತಿದ್ದರು, ಮರ ಕಡಿದು ಅಡ್ಡ ಹಾಕಿದ್ದರು, ಮೋರಿ ಒಡೆದಿದ್ದರು. ಏಪ್ರಿಲ್ 8ರಿಂದ 11ರವರೆಗೆ ರಾಣೆ ತಮ್ಮ ತಂಡದೊಂದಿಗೆ ಆ ರಸ್ತೆಯನ್ನು ಬಿಡಿಸಿದರು. 12ರಂದು ಸೈನ್ಯ ರಜೌರಿ ತಲುಪಿತು. ಪರಮವೀರ ಚಕ್ರ ಪಡೆದವರಲ್ಲಿ ಬದುಕಿದ್ದಾಗಲೇ ಪಡೆದ ಮೊದಲಿಗರು ಅವರು. 1994ರಲ್ಲಿ ತೀರಿಕೊಂಡರು.

ಕಾಲಾಳುಗಳ ಕದನ ತೋರಿಸಬೇಕು ಅಂತ ಮೇಷ್ಟ್ರು ಹೇಳಿದ್ದಾರೆ. ಇದು ರಸ್ತೆ ರಿಪೇರಿ ಆಯ್ತಲ್ವಾ?

ಈ ಪ್ರಶ್ನೆ ಕೇಳಿದ ಹುಡುಗನಿಗೆ ನಾನು ಮೊದಲು ನಕ್ಕೆ. ಆಮೇಲೆ ಪ್ರಶ್ನೆ ಸರಿಯಾಗೇ ಇದೆ ಅನ್ನಿಸಿತು.

ಕಾಲಾಳುಗಳ ಕದನ ಇಲ್ಲಿದೆ. ಏಪ್ರಿಲ್ 8ರಂದು ಬರ್ವಾಲಿ ದಿಣ್ಣೆಗೆ ನುಗ್ಗಿದ್ದು 4ನೇ ಡೋಗ್ರಾ ಪಡೆ. ಸಂಜೆ ಸುಮಾರು 4.30ಕ್ಕೆ ದಿಣ್ಣೆ ಕೈಗೆ ಬಂತು. ಆದರೆ ದಿಣ್ಣೆ ಸಿಕ್ಕಿದರೆ ಸಾಲದು, ಹಿಂದಿನಿಂದ ಟ್ಯಾಂಕು, ಮದ್ದುಗುಂಡು, ಊಟ, ನೀರು ಎಲ್ಲಾ ಬರಬೇಕು. ಅದಕ್ಕೆ ರಸ್ತೆ ಬೇಕು. ಬಂದೂಕು ಎತ್ತಿ ಓಡುವವರನ್ನು ಎಲ್ಲರೂ ಮಾಡುತ್ತಾರೆ. ಗುಂಡು ಬೀಳುತ್ತಿರುವಾಗ ಮಣ್ಣು ಕೆದಕುತ್ತಾ ಕೂತವರನ್ನು ಯಾರೂ ಮಾಡಿಲ್ಲ. ಸುತ್ತ ಕಾವಲಿಗೆ ನಾಲ್ಕು ಡೋಗ್ರಾ ಸೈನಿಕರನ್ನು ಮಲಗಿಸಿ, ಮೇಷ್ಟ್ರಿಗೂ ಸಮಾಧಾನ ಆಗುತ್ತದೆ.

ನಾಲ್ಕೂ ದಿನ ಒಂದೇ ಹಲಗೆಯ ಮೇಲೆ ತೋರಿಸಬಹುದಾ?

ಬೇಡ. ನನ್ನ ಮೊದಲ ಡಯೋರಮಾ ಹಾಳಾಗಿದ್ದೇ ಇದರಿಂದ. ಒಂದು ತುದಿಯಲ್ಲಿ ಬರ್ವಾಲಿ, ಇನ್ನೊಂದು ತುದಿಯಲ್ಲಿ ಅದೇ ರಸ್ತೆಯ ಮುಂದಿನ ಊರು ಚಿಂಗಸ್, ನಡುವೆ ಮೂರು ಕಡೆ ರಾಣೆ. "ಅಂಕಲ್, ಇವರು ಅಣ್ಣತಮ್ಮಂದಿರಾ?" ಅಂತ ಒಬ್ಬ ಪುಟ್ಟ ಹುಡುಗಿ ಕೇಳಿದಳು. ಮಾರನೇ ದಿನ ಅದನ್ನು ಕಿತ್ತೆ.

ಪ್ಲ್ಯಾನ್ ಮಾಡೋದು ಅಂದರೆ ಏನನ್ನು ಬಿಡಬೇಕು ಅಂತ ತೀರ್ಮಾನ ಮಾಡೋದು. ಒಂದು ಗಂಟೆ, ಒಂದು ತಿರುವು, ಅಷ್ಟೇ. ಅದೃಷ್ಟಕ್ಕೆ ರಾಣೆಯವರ ಪ್ರಶಸ್ತಿ ಪತ್ರದಲ್ಲಿ ಗಂಟೆಗಂಟೆಯ ವಿವರ ಇದೆ. ಇಂಥ ಸೌಲಭ್ಯ ಬೇರೆ ಕದನಗಳಿಗೆ ಸಿಗೋದು ಕಡಿಮೆ.

8ರ ಬೆಳಿಗ್ಗೆ 11ಕ್ಕೆ ತಂಡ ಟ್ಯಾಂಕುಗಳ ಹತ್ತಿರ ಕಾಯುತ್ತಿದ್ದಾಗ ಮಾರ್ಟರ್ ಗುಂಡುಗಳು ಬಿದ್ದವು. ಇಬ್ಬರು ಸತ್ತರು, ರಾಣೆ ಸೇರಿ ಐವರಿಗೆ ಗಾಯ. ಉಳಿದವರನ್ನು ಒಟ್ಟು ಮಾಡಿ ಅವರು ಕೆಲಸ ಶುರು ಮಾಡಿದರು. ದಿಣ್ಣೆ ಕೈಗೆ ಬಂದ ಮೇಲೆ ರಾತ್ರಿ 10ರವರೆಗೆ ಬಳಸುದಾರಿ ಕಡಿದರು. 9ರಂದು ಬೆಳಿಗ್ಗೆ 6ಕ್ಕೆ ಮತ್ತೆ ಹಿಡಿದು ಮಧ್ಯಾಹ್ನ 3ಕ್ಕೆ ಮುಗಿಸಿದರು. ಎಲ್ಲಕ್ಕಿಂತ ಮುಂದಿದ್ದ ಕ್ಯಾರಿಯರ್ (ಸೈನಿಕರನ್ನು ಒಯ್ಯುವ ಸಣ್ಣ ಕವಚದ ಗಾಡಿ) ಹತ್ತಿ ಹೊರಟರು. ಅರ್ಧ ಮೈಲಿಗೆ ಪೈನ್ ಮರಗಳ ಅಡ್ಡಗಟ್ಟು, ಸಿಡಿಸಿದರು. ಇನ್ನು 300 ಗಜ ಹೋದರೆ ಮತ್ತೊಂದು. ಸಂಜೆ 5ರ ಹೊತ್ತಿಗೆ ಒಡೆದ ಮೋರಿ. 6.15ಕ್ಕೆ ಬೆಳಕು ಕಂತುವಾಗ ಐದು ದೊಡ್ಡ ಪೈನ್ ಮರಗಳು, ಸುತ್ತ ಮೈನ್, ಮೇಲಿಂದ ಮಷಿನ್‌ಗನ್. ಅಂದು ಅಲ್ಲೇ ನಿಲ್ಲಬೇಕಾಯಿತು. 10ರ ಬೆಳಗಿನ ಜಾವ 4.45ಕ್ಕೆ ಮತ್ತೆ ಅದೇ ಮರಗಳ ಬುಡಕ್ಕೆ ಹೋದರು. 6.30ಕ್ಕೆ ದಾರಿ ಬಿಟ್ಟಿತು.

ನಾನು ಆರಿಸಿಕೊಂಡಿದ್ದು 9ರ ಸಂಜೆ 6.15. ಐದು ಮರ, ನಿಂತ ಕ್ಯಾರಿಯರ್, ಹಿಂದೆ ಒಂದು ಟ್ಯಾಂಕು. ಕೆಲಸ ಇನ್ನೂ ಮುಗಿದಿಲ್ಲ. ಮುಂದೆ ಏನಾಯಿತು ಅಂತ ನೋಡುವವರೇ ಕೇಳುತ್ತಾರೆ, ಹೇಳಲು ನನಗೂ ಖುಷಿ. ಮಕ್ಕಳಿಗೆ ನಾನು ಹೇಳೋದು ಮೋರಿಯ ದೃಶ್ಯ. ಮರ ಕಡಿಮೆ, ಜನ ಕಡಿಮೆ, ಒಡೆದ ಮೋರಿ ನೋಡಿದ ಕೂಡಲೇ ಎಲ್ಲರಿಗೂ ಅರ್ಥವಾಗುತ್ತದೆ.

ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ ಹಗ್ಗ ಎಳೆದು ಡ್ರೈವರ್‌ಗೆ ಸನ್ನೆ ಮಾಡಿದರಂತೆ. ಅದನ್ನೇ ಮಾಡಬಾರದೇಕೆ?

ಎಲ್ಲರೂ ಹೇಳುವ ಕಥೆ ಅದು. ಮೈನ್ ಹಾಸಿದ ದಾರಿಯಲ್ಲಿ ಸ್ಟುವರ್ಟ್ ಟ್ಯಾಂಕಿನ ಕೆಳಗೆ ನುಸುಳಿ, ಅದರ ಜತೆಗೇ ಮುಂದೆ ಸರಿಯುತ್ತಾ, ನಿಲ್ಲು-ಹೊರಡು ಅಂತ ಹಗ್ಗದಿಂದ ಹೇಳಿದರು ಅನ್ನುತ್ತಾರೆ. ಪ್ರಶಸ್ತಿ ಪತ್ರದಲ್ಲಿ ಈ ಹಗ್ಗದ ಮಾತು ಇಲ್ಲ. ಆದರೂ ಮಾಡುವ ಮನಸ್ಸಿದ್ದರೆ ಮಾಡಿ, ಒಂದು ಲೆಕ್ಕ ಮಾತ್ರ ಹಾಕಿಕೊಳ್ಳಿ. ಸ್ಟುವರ್ಟ್‌ನ ಹೊಟ್ಟೆ ನೆಲದಿಂದ ಸುಮಾರು 40 ಸೆಂ.ಮೀ ಮೇಲಿದೆ. 1:72 ಅಳತೆಯಲ್ಲಿ, ಅಂದರೆ ನಿಜದ 72ರಲ್ಲಿ ಒಂದು ಪಾಲಿಗೆ ಇಳಿಸಿದರೆ, ಅದು ಐದೂವರೆ ಮಿಲಿಮೀಟರ್. ಅಕ್ಕಿಕಾಳು ಹಾಕಿದರೂ ಯಾರಿಗೂ ಕಾಣದು! 1:35ರಲ್ಲಾದರೆ 11 ಮಿ.ಮೀ ಸಿಗುತ್ತದೆ. ಹಲಗೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ, ಟ್ಯಾಂಕನ್ನು ಅಂಚಿಗೆ ತಂದು, ಪಕ್ಕದಿಂದ ಸಣ್ಣ ಬೆಳಕು ಬಿಟ್ಟರೆ ಕಾಣುತ್ತದೆ.

ಅಳತೆ ಯಾವುದು ಒಳ್ಳೆಯದು?

1:72 ಅಂದರೆ ನಿಜವಾದ 72 ಸೆಂ.ಮೀ ಇಲ್ಲಿ 1 ಸೆಂ.ಮೀ. ಐದೂಮುಕ್ಕಾಲು ಅಡಿ ಎತ್ತರದ ಸೈನಿಕ 2.4 ಸೆಂ.ಮೀ ಆಗುತ್ತಾನೆ. 1:35ರಲ್ಲಿ ಅವನೇ 5 ಸೆಂ.ಮೀ. ಮುಖ, ಬೆರಳು, ಬೆಲ್ಟಿನ ಬಕಲ್ ಕಾಣಬೇಕಾದರೆ 1:35. ರಸ್ತೆ, ಗುಡ್ಡ, ಮರ ಕಾಣಬೇಕಾದರೆ 1:72. ಈ ಕಥೆಯಲ್ಲಿ ರಸ್ತೆಯೇ ಮುಖ್ಯ. ಹಾಗಾಗಿ ನನ್ನದು 1:72.

ಹಲಗೆ ಎಷ್ಟು ದೊಡ್ಡದಿರಬೇಕು?

60 ಸೆಂ.ಮೀ ಉದ್ದ, 40 ಅಗಲ. 1:72ರಲ್ಲಿ ಅದು ನಿಜವಾದ 43 ಮೀಟರ್ ರಸ್ತೆ. ಎರಡು ಅಡ್ಡಗಟ್ಟುಗಳ ನಡುವಿನ ಆ 300 ಗಜವನ್ನು ಅಳತೆ ತಪ್ಪದೆ ಮಾಡಿದರೆ ಸುಮಾರು 3.8 ಮೀಟರ್ ಉದ್ದದ ಹಲಗೆ ಬೇಕು. ಅಷ್ಟು ನನ್ನ ಹಾಲ್ ಕೂಡ ಇಲ್ಲ. ಒಂದೇ ಅಡ್ಡಗಟ್ಟು ಸಾಕು ಅಂತ ಹೇಳಿದ್ದು ಇದಕ್ಕೇ.

ಪ್ಲೈವುಡ್ 12 ಮಿ.ಮೀ ಇರಲಿ, ನೀರು ತಡೆಯುವ ಜಾತಿಯದ್ದು. ನಾನು ಮೊದಲು ನಾಲ್ಕಡಿಯ ಹಲಗೆ ಕೊಯ್ಯಲು ಹೇಳಿದಾಗ ನಮ್ಮ ಆಚಾರಿ, "ಇದೆಂಥ ಮಾರಾಯ್ರೇ, ಕೊಟ್ಟಿಗೆ ಬಾಗಿಲಾ?" ಅಂದಿದ್ದರು. ಬಾಗಿಲಿನಿಂದ ಹೊರಗೆ ತರುವಾಗ ಅವರ ಮಾತು ನೆನಪಾಯಿತು.

ಪ್ಲ್ಯಾನ್ ಕಾಗದದ ಮೇಲೆ ಬರೆದರೆ ಸಾಕಾ?

ಸಾಲದು. ಕಾಗದದಲ್ಲಿ ಎಲ್ಲವೂ ಚೆಂದ ಕಾಣುತ್ತದೆ, ಎತ್ತರ ಗೊತ್ತಾಗುವುದಿಲ್ಲ. ಹಲಗೆಯಷ್ಟೇ ದೊಡ್ಡ ರಟ್ಟು ತೆಗೆದುಕೊಳ್ಳಿ. ಅದರ ಮೇಲೆ ಸೀಮೆಸುಣ್ಣದಲ್ಲಿ ರಸ್ತೆ ಎಳೆಯಿರಿ. ಗುಡ್ಡಕ್ಕೆ ಮುದ್ದೆ ಮಾಡಿದ ಪೇಪರು, ಟ್ಯಾಂಕಿಗೆ ಬೆಂಕಿಪೊಟ್ಟಣ, ಕ್ಯಾರಿಯರ್‌ಗೆ ರಬ್ಬರ್ ತುಂಡು, ಜನರಿಗೆ ಲವಂಗ. ನಗಬೇಡಿ, ಲವಂಗಕ್ಕೆ ತಲೆ ಇದೆ, ಯಾರು ಎತ್ತ ನೋಡುತ್ತಿದ್ದಾರೆ ಅಂತ ಓರೆ ಮಾಡಿ ಇಡಬಹುದು. ಎರಡು ದಿನ ಹಾಗೇ ಬಿಡಿ. ಬಂದು ಹೋಗುವಾಗ ಕೂತು, ಬಗ್ಗಿ, ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿ.

ರಸ್ತೆಯನ್ನು ಹಲಗೆಯ ಅಂಚಿಗೆ ಸಮಾನಾಂತರವಾಗಿ ಇಡಬೇಡಿ, ಬಸ್ ಸ್ಟ್ಯಾಂಡ್ ಥರ ಕಾಣುತ್ತದೆ. ಒಂದು ಮೂಲೆಯಿಂದ ಬಂದು, ತಿರುಗಿ, ಗುಡ್ಡದ ಹಿಂದೆ ಮರೆಯಾಗಲಿ. ಪ್ರಶಸ್ತಿ ಪತ್ರದಲ್ಲೇ ರಸ್ತೆ ಹಾವಿನಂತೆ ಗುಡ್ಡ ಸುತ್ತುತ್ತಿತ್ತು ಅಂತ ಇದೆ. ಶಿರಸಿ ಕಡೆಯ ಮಕ್ಕಳಿಗೆ ದೇವಿಮನೆ ಘಟ್ಟ ಅಂದರೆ ಸಾಕು, ವಾಂತಿ ಬಂದಿದ್ದು ಎಲ್ಲರಿಗೂ ನೆನಪಿರುತ್ತದೆ. ಒಂದು ಕಡೆ ಗೋಡೆಯಂಥ ಇಳಿಜಾರು, ಇನ್ನೊಂದು ಕಡೆ ಕೆಳಗೆ ಹೊಳೆಯತ್ತ ಬೀಳು. ರಸ್ತೆಯ ಅಗಲ ನಾನು 5 ಸೆಂ.ಮೀ ಇಟ್ಟೆ. ಟ್ಯಾಂಕಿನ ಅಗಲ 3 ಸೆಂ.ಮೀ. ಪಕ್ಕದಲ್ಲಿ ಜಾಗವೇ ಇಲ್ಲ ಅನ್ನಿಸಬೇಕು. ಮರ ಅಡ್ಡ ಬಿದ್ದರೆ ಟ್ಯಾಂಕು ಯಾಕೆ ನಿಂತಿತು ಅಂತ ಆಗ ಯಾರೂ ಕೇಳುವುದಿಲ್ಲ.

ಗುಡ್ಡ ಯಾವುದರಲ್ಲಿ ಮಾಡೋದು?

ಥರ್ಮೋಕೋಲ್ ಹಾಳೆ ಒಂದರ ಮೇಲೊಂದು ಅಂಟಿಸಿ, ಕೊರೆದು, ಮೇಲೆ ಫೆವಿಕಾಲ್‌ನಲ್ಲಿ ಅದ್ದಿದ ಪೇಪರು ಹಚ್ಚಿ. ಸ್ಪ್ರೇ ಪೇಂಟ್ ಮಾತ್ರ ನೇರ ಹೊಡೆಯಬೇಡಿ, ಥರ್ಮೋಕೋಲ್ ಕರಗಿ ಗುಂಡಿ ಬೀಳುತ್ತದೆ. ಬೆಂಡು ಸಿಕ್ಕರೆ ಇನ್ನೂ ಒಳ್ಳೆಯದು. ಗುಡಿಗಾರರು ಬಾಸಿಂಗ ಮಾಡುತ್ತಾರಲ್ಲ, ಅದೇ. ಚೂಪು ಚಾಕುವಿನಲ್ಲಿ ಕೊರೆದರೆ ಬಂಡೆಯ ಪದರಗಳು ತಾವಾಗೇ ಬರುತ್ತವೆ. ಇಡೀ ಗುಡ್ಡಕ್ಕೆ ಸಾಲದು, ರಸ್ತೆಯ ಪಕ್ಕದ ಕಡಿದಾದ ಮುಖಕ್ಕೆ ಮಾತ್ರ ಬಳಸಿ.

ಮಣ್ಣು ನಮ್ಮ ಹಿತ್ತಿಲದ್ದೇ ಹಾಕಬಹುದಾ?

ಜರಡಿ ಹಿಡಿದು, ಬಾಣಲೆಯಲ್ಲಿ ಹುರಿದು ಹಾಕಬಹುದು. ಹುರಿಯದಿದ್ದರೆ ಇರುವೆ, ಬೂಷ್ಟು ಎರಡೂ ಬರುತ್ತವೆ. ಆದರೆ ಬಣ್ಣ! ನಾನು ಮನೆಯ ಹಿಂದಿನ ಚಿರೆಕಲ್ಲಿನ ಮಣ್ಣನ್ನು ಹಾಗೇ ಹಾಕಿದ್ದೆ. ನೋಡಿದವರೊಬ್ಬರು "ಕೈಗಾ ರಸ್ತೆ ಚೆನ್ನಾಗಿ ಬಂದಿದೆ" ಅಂದರು. ನೌಶೇರಾ ಕಡೆಯದು ಹಿಮಾಲಯದ ಹೊರಬೆಟ್ಟ, ಮರಳುಗಲ್ಲು ಮತ್ತು ಜೇಡಿಯ ನೆಲ. ನಮ್ಮ ಇಟ್ಟಿಗೆಯಂಥ ಕೆಂಪನ್ನು ಕೊಲ್ಲಬೇಕು. ಮಣ್ಣು ಅಂಟಿಸಿದ ಮೇಲೆ ಬೂದು-ಕಂದು ಬಣ್ಣವನ್ನು ನೀರಾಗಿ ಕಲಸಿ ಎರಡು ಸಲ ಬಿಡಿ, ಒಣಗಿದ ಮೇಲೆ ತಿಳಿ ಬಣ್ಣವನ್ನು ಬ್ರಷ್‌ನ ತುದಿಯಲ್ಲಿ ಸವರಿ. ಏಪ್ರಿಲ್ ತಿಂಗಳು, ಧೂಳಿರಲಿ. ಹಸಿರು ಹುಲ್ಲು ಕಡಿಮೆ ಮಾಡಿ. ನಮಗೆ ಹಸಿರು ಹಾಕುವ ಚಟ ಜಾಸ್ತಿ.

ಪೈನ್ ಮರ ಎಲ್ಲಿ ಸಿಗುತ್ತದೆ? ಆನ್‌ಲೈನ್‌ನಲ್ಲಿ ಬಂದಿದ್ದು ಕ್ರಿಸ್‌ಮಸ್ ಮರದ ಥರ ಇದೆ.

ನನಗೂ ಹಾಗೇ ಬಂದಿತ್ತು, ಒಂದು ಡಜನ್. ವಾಪಸ್ ತೆಗೆದುಕೊಳ್ಳಲಿಲ್ಲ. ಈಗ ಅವು ಕ್ರಿಸ್‌ಮಸ್‌ಗೆ ಪಕ್ಕದ ಮನೆಯ ಗೋದಲಿಯಲ್ಲಿ ನಿಲ್ಲುತ್ತವೆ.

ಆ ಬೆಟ್ಟಗಳಲ್ಲಿರೋದು ಚೀಡ್ ಅನ್ನುವ ಪೈನ್. ಕೆಳಗೆ ಉದ್ದನೆಯ ಬೋಳು ಕಾಂಡ, ಮೇಲೆ ಮಾತ್ರ ಎಲೆಯ ಗೊಂಚಲು. ಸೂಜಿಯೆಲೆ ಮೂರು ಮೂರರ ಜೊಂಪೆಯಲ್ಲಿರುತ್ತದೆ, ಉದ್ದ 20ರಿಂದ 30 ಸೆಂ.ಮೀ. ಅಂದರೆ 1:72ರಲ್ಲಿ 3-4 ಮಿ.ಮೀ. ಇದಕ್ಕೆ ತೆಂಗಿನ ನಾರಿಗಿಂತ ಒಳ್ಳೆಯ ವಸ್ತು ಇಲ್ಲ, ಅದೂ ನಮ್ಮ ಮನೆಯಲ್ಲೇ ಬಿದ್ದಿರುತ್ತದೆ.

ಹಳೆಯ ವಯರಿನೊಳಗಿನ ತಾಮ್ರದ ಎಳೆ ಎರಡು ತೆಗೆದುಕೊಳ್ಳಿ. ನಡುವೆ ನಾರನ್ನು ಬಾಚಣಿಗೆಯ ಹಲ್ಲಿನಂತೆ ಅಡ್ಡ ಹರಡಿ. ತುದಿಗಳನ್ನು ಇಕ್ಕಳದಲ್ಲಿ ಹಿಡಿದು ತಿರುಚಿ. ನಾರು ಸುತ್ತ ನಿಮಿರಿ ನಿಲ್ಲುತ್ತದೆ, ಬಾಟಲಿ ತೊಳೆಯುವ ಬ್ರಷ್‌ನಂತೆ. ಕತ್ತರಿಯಲ್ಲಿ 4 ಮಿ.ಮೀ ಬಿಟ್ಟು ಕತ್ತರಿಸಿ. ಇದು ಒಂದು ಕೊಂಬೆ. ಇಂಥ ಹನ್ನೆರಡು-ಹದಿನೈದು ಕೊಂಬೆಗಳನ್ನು ಗಾಳಿಮರದ ಒಣ ಕಡ್ಡಿಯ ಮೇಲ್ಭಾಗದಲ್ಲಿ ಸಣ್ಣ ತೂತು ಮಾಡಿ ಸಿಕ್ಕಿಸಿ. ಕಾಂಡಕ್ಕೆ ಕೆಂಪು ಬೆರೆತ ಕಂದು, ಎಲೆಗೆ ಹಳದಿ ಬೆರೆತ ಹಸಿರು. ಮರದ ಬುಡದಲ್ಲಿ ಅಡಿಕೆ ಸಿಪ್ಪೆಯ ಪುಡಿ ಚೆಲ್ಲಿ. ಬೇಸಿಗೆಯಲ್ಲಿ ಚೀಡ್ ಮರದಡಿ ಉದುರಿದ ಎಲೆ ಹಾಗೇ ಕೇಸರಿ-ಕಂದು ಹಾಸಿಗೆಯಾಗಿರುತ್ತದೆ.

20 ಮೀಟರಿನ ಮರ 1:72ರಲ್ಲಿ 28 ಸೆಂ.ಮೀ. ಎದುರಿಗೆ ನಿಲ್ಲಿಸಿದರೆ ಹಿಂದಿನದು ಏನೂ ಕಾಣದು. ನಿಂತ ಮರ ಹಿಂದಿನ ಮೂಲೆಯಲ್ಲಿ ಮೂರು ಸಾಕು. ಬಿದ್ದ ಐದು ಮರ ರಸ್ತೆಯ ಮೇಲೆ. ಅವುಗಳ ಬುಡ ಎಲ್ಲಿದೆ ಅಂತ ಒಬ್ಬ ಮರಗೆಲಸದವರು ಕೇಳಿದ್ದರು. ಇಳಿಜಾರಿನಲ್ಲಿ ಐದು ಕೊರಡು ಇಡಲು ನಾನು ಮರೆತಿದ್ದೆ. ನೀವು ಮರೆಯಬೇಡಿ.

ಸೈನಿಕರು? 1948ರ ಭಾರತೀಯ ಸೈನಿಕರ ಸೆಟ್ ಸಿಗುತ್ತಾ?

ಎರಡನೇ ಮಹಾಯುದ್ಧದ ಬ್ರಿಟಿಷ್ ಕಾಲಾಳುಗಳ ಸೆಟ್ ತಂದು ತಿದ್ದೋದು ಸುಲಭದ ದಾರಿ. 1937ರ ಮಾದರಿಯ ಬೆಲ್ಟು-ಚೀಲ, .303 ರೈಫಲ್, ಬ್ರೆನ್ ಗನ್, ಇವೇ ಆಗ ನಮ್ಮ ಸೈನ್ಯದಲ್ಲೂ ಇದ್ದವು. ಈಗಿನ ಚುಕ್ಕೆ-ಮಚ್ಚೆಯ ಯೂನಿಫಾರ್ಮ್ ಬೇಡ. ಸ್ಟುವರ್ಟ್ ಕಿಟ್‌ನಲ್ಲಿ ಅಮೆರಿಕದ ಬಿಳಿ ನಕ್ಷತ್ರದ ಸ್ಟಿಕ್ಕರ್ ಬರಬಹುದು, ಅದನ್ನು ಪೆಟ್ಟಿಗೆಯಲ್ಲೇ ಬಿಡಿ. ಅಂದಾಜಿನ ಮೇಲೆ ನಂಬರ್ ಬರೆಯೋದಕ್ಕಿಂತ ಧೂಳು ಹಚ್ಚೋದು ವಾಸಿ.

ಕಷ್ಟ ಇರೋದು ಭಂಗಿಯಲ್ಲಿ. ಸೆಟ್‌ನಲ್ಲಿ ಎಲ್ಲರೂ ಓಡುತ್ತಿರುತ್ತಾರೆ, ಇಲ್ಲವೇ ಗುರಿ ಇಟ್ಟಿರುತ್ತಾರೆ. ನಮಗೆ ಬೇಕಾದ್ದು ಮೊಣಕಾಲೂರಿ ಬಯನೆಟ್‌ನಿಂದ ನೆಲ ಚುಚ್ಚಿ ನೋಡುವವರು. 1:72ರ ಮೆತ್ತನೆ ಪ್ಲಾಸ್ಟಿಕ್ ಆದರೆ ಬಿಸಿನೀರಿನಲ್ಲಿ ಅದ್ದಿ ಸೊಂಟ ಬಗ್ಗಿಸಿ, ತಕ್ಷಣ ತಣ್ಣೀರಿಗೆ ಹಾಕಿ. ಮೊದಲು ಸೋಪಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಬಣ್ಣ ಸುಲಿದು ಬರುತ್ತದೆ. ನನ್ನಲ್ಲಿರೋದು ಹನ್ನೆರಡು ಜನ: ಮೈನ್ ತೆಗೆಯುವವರು ಐದು, ಕ್ಯಾರಿಯರ್‌ನಲ್ಲಿ ಇಬ್ಬರು, ಟ್ಯಾಂಕಿನಿಂದ ತಲೆ ಹಾಕಿದವನೊಬ್ಬ, ಕಾವಲಿಗೆ ನಾಲ್ವರು. ನಿಂತವರು ಯಾರೂ ಇಲ್ಲ. ಗುಂಡು ಬರುವ ಕಡೆ ಯಾರು ನಿಲ್ಲುತ್ತಾರೆ?

ರಾಣೆ ಆ ಐವರಲ್ಲಿ ಒಬ್ಬರು. ಹೆಗಲ ಮೇಲೆ ಒಂದೇ ಒಂದು ನಕ್ಷತ್ರ, ಸೂಜಿಮೊನೆಯಷ್ಟು ಬಣ್ಣ. ಅವರಿಗೆ ಗಾಯ ಎಲ್ಲಿ ಆಗಿತ್ತು ಅಂತ ಪ್ರಶಸ್ತಿ ಪತ್ರದಲ್ಲಿ ಇಲ್ಲ, ಹಾಗಾಗಿ ಬ್ಯಾಂಡೇಜ್ ಸುತ್ತಲಿಲ್ಲ.

ಎದುರಾಳಿಗಳನ್ನು ತೋರಿಸಬೇಡವಾ?

ನಾನು ತೋರಿಸಿಲ್ಲ. ರಸ್ತೆಯಲ್ಲಿದ್ದವರಿಗೂ ಅವರು ಕಾಣುತ್ತಿರಲಿಲ್ಲ, ಮೇಲಿನಿಂದ ಗುಂಡು ಬರುತ್ತಿತ್ತು ಅಷ್ಟೇ. ಕಾವಲಿನ ನಾಲ್ವರೂ ಒಂದೇ ಕಡೆ ಮೇಲೆ ನೋಡುತ್ತಿದ್ದಾರೆ. ನೋಡುವವರ ಕಣ್ಣೂ ಅತ್ತಲೇ ಹೋಗುತ್ತದೆ.

ಹತ್ತಿಯ ಹೊಗೆ, ಕೆಂಪು ಬಲ್ಬಿನ ಬೆಂಕಿ?

ದಯವಿಟ್ಟು ಬೇಡ. ರಕ್ತವೂ ಬೇಡ. ಚೆಂಡಿಯಾದ ಹಿರಿಯರು ನೋಡಲು ಬಂದರೆ ಮುಜುಗರ ಆಗಬಾರದು.

ಇದರ ಬದಲು ನಮ್ಮ ಕರಾವಳಿಯದ್ದೇ ಕದನ ಮಾಡಬೇಕು ಅಂತಿದ್ದೇನೆ.

ಹೊನ್ನಾವರದ ಕೋಟೆ ಇದೆಯಲ್ಲ. 1783ರಲ್ಲಿ ಬ್ರಿಟಿಷರು ಹಿಡಿದರು, ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿತು, 1784ರ ಮಂಗಳೂರು ಒಪ್ಪಂದದವರೆಗೂ ಕ್ಯಾಪ್ಟನ್ ಟೊರಿಯಾನೊ ಅನ್ನುವವನು ಒಳಗೆ ಹಿಡಿದು ಕೂತಿದ್ದ. ಒಳ್ಳೆಯ ವಿಷಯ. ಆದರೆ ತಿಂಗಳುಗಟ್ಟಲೆ ಹಸಿವು, ಕಾಯಿಲೆ, ಕಾಯುವುದು. ಅದರಲ್ಲಿ ಒಂದು ಗಂಟೆ ಆರಿಸೋದು ಕಷ್ಟ. ಎರಡನೇ ಪ್ರಯತ್ನಕ್ಕೆ ಇಟ್ಟುಕೊಳ್ಳಿ.

ಮಳೆಗಾಲದಲ್ಲಿ ಕೆಲಸ ಮಾಡಬಹುದಾ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೈನಿಕರಿಗೆ ಬಣ್ಣ ಹಚ್ಚುತ್ತಾ ಕೂರಿ, ನೆಲದ ಕೆಲಸ ಮುಟ್ಟಬೇಡಿ. ಫೆವಿಕಾಲ್ ಒಣಗೋದೇ ಇಲ್ಲ, ಒಳಗೇ ಹುಳಿತು ವಾಸನೆ ಬರುತ್ತದೆ. ಫೆವಿಕ್ವಿಕ್ ಹಾಕಿದ ಕಡೆ ತೇವಕ್ಕೆ ಬಿಳಿ ಮಂಜು ಕೂರುತ್ತದೆ. ನಾನು ಒಮ್ಮೆ ಒಣ ಎಲೆಗೆಂದು ಬಳಸಿದ ಚಹಾಪುಡಿ ಹಾಕಿದ್ದೆ, ಸರಿಯಾಗಿ ಹುರಿದಿರಲಿಲ್ಲ. ಶ್ರಾವಣದ ಹೊತ್ತಿಗೆ ಬರ್ವಾಲಿಯ ಮೇಲೆ ಹಿಮ ಬಿದ್ದಂತೆ ಬೂಷ್ಟು! ಹಲಗೆಯ ಅಡಿಗೂ ಅಂಚಿಗೂ ವಾರ್ನಿಷ್ ಬಳಿಯಿರಿ, ಇಲ್ಲದಿದ್ದರೆ ಸೊಟ್ಟಗಾಗುತ್ತದೆ. ಗಾಜಿನ ಪೆಟ್ಟಿಗೆ ಮಾಡಿಸಿದರೆ ಹಿಂದೆ ಗಾಳಿಗೆ ಎರಡು ತೂತು ಬಿಡಿ, ಸಣ್ಣ ಜಾಲರಿ ಬಡಿಯಿರಿ.

ಕಾರವಾರದಿಂದ ಶಿರಸಿಗೆ ಪ್ರದರ್ಶನಕ್ಕೆ ಒಯ್ಯಬೇಕು. ಬಸ್ಸಿನಲ್ಲಿ ಆಗುತ್ತಾ?

ಆಗುತ್ತದೆ, ಮಡಿಲಲ್ಲಿ ಇಟ್ಟುಕೊಂಡರೆ. ನಾನು ಮೇಲಿನ ಕ್ಯಾರಿಯರ್‌ನಲ್ಲಿ ಇಟ್ಟಿದ್ದೆ. ಘಟ್ಟದ ಎರಡನೇ ತಿರುವಿಗೇ ಟ್ಯಾಂಕು ಉರುಳಿತು. ಟ್ಯಾಂಕು, ಕ್ಯಾರಿಯರ್ ಎರಡರ ಹೊಟ್ಟೆಗೂ ಸಣ್ಣ ಸ್ಕ್ರೂ ಹಾಕಿ ಹಲಗೆಯ ಅಡಿಯಿಂದ ಬಿಗಿಯಿರಿ. ನಿಂತ ಮರಗಳನ್ನು ಅಂಟಿಸಬೇಡಿ, ತೂತಿಗೆ ಸಿಕ್ಕಿಸುವಂತೆ ಮಾಡಿ ಬೇರೆ ಡಬ್ಬದಲ್ಲಿ ಒಯ್ಯಿರಿ.

ಮುಂದಿನ ಬೋರ್ಡಿನಲ್ಲಿ ಏನು ಬರೆಯಬೇಕು?

ಜಾಗ, ತಾರೀಕು, ಗಂಟೆ. "ನೌಶೇರಾ-ರಜೌರಿ ರಸ್ತೆ, 1948ರ ಏಪ್ರಿಲ್ 9, ಸಂಜೆ 6.15." ನಾನು ಇಷ್ಟೇ ಬರೆದಿದ್ದೇನೆ. ರಾಣೆ ಯಾರು ಅಂತ ಬೋರ್ಡಿನಲ್ಲಿಲ್ಲ. ಮಕ್ಕಳು ಬಗ್ಗಿ, ಹೆಗಲ ಮೇಲಿನ ಆ ಒಂದು ಚುಕ್ಕೆ ಹುಡುಕುತ್ತಾರೆ.